ಹತ್ತು ಪರ್ಸೆಂಟ್ ಒಳಗಿದ್ದರೆ ಸಾಕೇ?

ಪೇಪರ್ ಕಳಿಸುವ ಹೊತ್ತಿಗೆ ಸಂಶೋಧನಾರ್ಥಿಗಳು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದೇ: "ಎಷ್ಟು ಪರ್ಸೆಂಟ್ ಬಂತು?" ನಮ್ಮ ಬರಹ ಬೇರೆ ಬರಹಗಳಿಗೆ ಎಷ್ಟು ಹೋಲುತ್ತದೆ ಎಂದು ಕೃತಿಚೌರ್ಯ ಪತ್ತೆಯ ತಂತ್ರಾಂಶ ಕೊಡುವ ಅಂಕಿ ಅದು. ಎಂಟು ಬಂದರೆ ನಿರಾಳ. ಹದಿಮೂರು ಬಂದರೆ ರಾತ್ರಿಯೆಲ್ಲ ಕೂತು ಪದ ಬದಲಿಸುವ ಕೆಲಸ. ಪ್ರಕಟಣೆಯ ನೀತಿ ಅನ್ನುವ ದೊಡ್ಡ ವಿಷಯ ನಮ್ಮಲ್ಲಿ ಹೀಗೆ ಒಂದು ಅಂಕಿಗೆ ಬಂದು ನಿಂತಿದೆ. ಜಗತ್ತಿನ ಜರ್ನಲ್‌ಗಳು ತಾವೇ ಪ್ರಕಟಿಸಿದ ಪೇಪರುಗಳನ್ನು ಹಿಂತೆಗೆದುಕೊಂಡ ದೊಡ್ಡ ಪ್ರಕರಣಗಳನ್ನು ತೆಗೆದು ನೋಡಿದರೆ ತಪ್ಪು ಬಹಳ ಸಲ ಬೇರೆಲ್ಲೋ ಇರುತ್ತದೆ: ಲೇಖಕರ ಪಟ್ಟಿಯಲ್ಲಿ, ಒಂದು ಚಿತ್ರದಲ್ಲಿ, ರಿವ್ಯೂ ಮಾಡಿದವರ (ಪ್ರಕಟಣೆಗೆ ಮುನ್ನ ಪೇಪರ್ ಓದಿ ಅಭಿಪ್ರಾಯ ಕೊಡುವ ವಿದ್ವಾಂಸರ) ಇಮೇಲ್ ವಿಳಾಸದಲ್ಲಿ, ಕೆಲವು ಸಲ ಜರ್ನಲಿನ ಹೆಸರಿನಲ್ಲೇ. ಇವ್ಯಾವುವೂ ಆ ಪರ್ಸೆಂಟಿನ ಲೆಕ್ಕಕ್ಕೆ ಸಿಗುವುದಿಲ್ಲ.

ಮೊದಲು ಆ ಹತ್ತರ ಮೂಲ ನೋಡೋಣ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಜುಲೈನಲ್ಲಿ ಕೃತಿಚೌರ್ಯ ತಡೆಯುವ ನಿಯಮಾವಳಿ ಹೊರಡಿಸಿತು. ಅದರಲ್ಲಿ ಹೋಲಿಕೆಯನ್ನು ನಾಲ್ಕು ಹಂತವಾಗಿ ವಿಂಗಡಿಸಿದೆ. ಶೇ 10ರವರೆಗೆ ಶೂನ್ಯ ಹಂತ, ದಂಡನೆ ಇಲ್ಲ. 10ರಿಂದ 40 ಮೊದಲ ಹಂತ: ಮಹಾಪ್ರಬಂಧವಾದರೆ ಆರು ತಿಂಗಳು ಮೀರದ ಗಡುವಿನಲ್ಲಿ ತಿದ್ದಿ ಕೊಡಬೇಕು. 40ರಿಂದ 60 ಎರಡನೆಯದು: ಒಂದು ವರ್ಷ ತಿದ್ದಿದ ಪ್ರತಿ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಅಧ್ಯಾಪಕರ ಲೇಖನಗಳಿಗೆ ಬೇರೆ ಲೆಕ್ಕ. ಎರಡನೇ ಹಂತಕ್ಕೆ ಹಸ್ತಪ್ರತಿ ಹಿಂಪಡೆಯಬೇಕು, ಒಂದು ವಾರ್ಷಿಕ ವೇತನ ಬಡ್ತಿ ಖೋತಾ, ಎರಡು ವರ್ಷ ಹೊಸ ವಿದ್ಯಾರ್ಥಿಗಳಿಗೆ ಗೈಡ್ ಆಗುವಂತಿಲ್ಲ. ಮೂರನೇ ಹಂತಕ್ಕೆ ಎರಡು ವೇತನ ಬಡ್ತಿ, ಮೂರು ವರ್ಷ.

ಇದಿಷ್ಟನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದಾರೆ. ಅದೇ ನಿಯಮಾವಳಿಯ ಇನ್ನೊಂದು ಸಾಲನ್ನು ಓದಿದವರು ಕಡಿಮೆ. ಸಾರಾಂಶ, ಊಹೆ, ಅವಲೋಕನ, ಫಲಿತಾಂಶ, ತೀರ್ಮಾನ, ಶಿಫಾರಸು ಇಷ್ಟೂ ಸ್ವಂತ ವಿಚಾರದ ಮೇಲೆ ನಿಂತಿರಬೇಕು, ಅಲ್ಲಿ ಹೋಲಿಕೆಯೇ ಇರಬಾರದು ಅನ್ನುತ್ತದೆ ಅದು. ಸಾಮಾನ್ಯ ಜ್ಞಾನಕ್ಕೆ, ಕಾಕತಾಳೀಯವಾಗಿ ಸತತ 14 ಪದಗಳವರೆಗೆ ಹೊಂದಿದ್ದಕ್ಕೆ ಮಾತ್ರ ವಿನಾಯಿತಿ. ಆಕರ ಹೇಳಿ ಕೊಟ್ಟ ಉಲ್ಲೇಖಗಳು, ಗ್ರಂಥಋಣ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಕಾನೂನಿನ ಪಠ್ಯ, ಪ್ರಮಾಣಿತ ಸಮೀಕರಣ ಇವೆಲ್ಲ ಎಣಿಕೆಯಿಂದ ಹೊರಗೆ. ಅಂದರೆ ಹತ್ತು ಪರ್ಸೆಂಟ್ ಅನ್ನುವುದು ಕದಿಯಲು ಕೊಟ್ಟ ರಿಯಾಯಿತಿ ಅಲ್ಲ. ತೀರ್ಮಾನದ ಅಧ್ಯಾಯದಲ್ಲಿ ಬೇರೆಯವರ ಒಂದು ಪ್ಯಾರಾ ಹಾಗೆಯೇ ಕೂತಿದ್ದು ಒಟ್ಟು ಅಂಕಿ 4 ಬಂದರೂ ಅದು ಚೌರ್ಯವೇ. ಮಣ್ಣಿನ ಪರೀಕ್ಷೆಯ ವಿಧಾನ, ಸಂಸ್ಥೆಗಳ ಉದ್ದುದ್ದ ಹೆಸರು, ಪ್ರಶ್ನಾವಳಿಯ ಮಾಮೂಲಿ ವಾಕ್ಯಗಳು ಸೇರಿ 18 ಬಂದಿದ್ದರೆ ಅದರಲ್ಲಿ ಒಂದೂ ಚೌರ್ಯ ಇರದಿರಬಹುದು.

ಹಾಗಾಗಿ ವರದಿಯ ಮೊದಲ ಪುಟದ ಅಂಕಿ ನೋಡಿ ಫೈಲ್ ಮುಚ್ಚಬೇಡಿ. ಒಳಗೆ ಹೋಗಿ. ಗ್ರಂಥಋಣ ಮತ್ತು ಉದ್ಧರಣೆಗಳನ್ನು ಹೊರಗಿಡುವ ಆಯ್ಕೆ ಆನ್ ಆಗಿದೆಯೇ, 14ಕ್ಕಿಂತ ಕಡಿಮೆ ಪದಗಳ ಹೊಂದಾಣಿಕೆಯನ್ನು ಬಿಟ್ಟಿದೆಯೇ ನೋಡಿ. ಆಮೇಲೆ ಆಕರವಾರು ಪಟ್ಟಿ: ಇಪ್ಪತ್ತು ಆಕರಗಳಿಂದ ಅರ್ಧರ್ಧ ಪರ್ಸೆಂಟ್ ಬಂದಿದ್ದರೆ ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಂದೇ ಆಕರದಿಂದ ಐದು ಬಂದಿದ್ದರೆ ಆ ಪ್ಯಾರಾಗೆ ಹೋಗಿ ಮೂಲದ ಪಕ್ಕದಲ್ಲಿಟ್ಟು ಓದಬೇಕು. ಆ ಆಕರ ನಿಮ್ಮದೇ ಹಳೆಯ ಲೇಖನವಾದರೂ ಬಿಡುವಂತಿಲ್ಲ. ಸ್ವಂತ ಬರಹವನ್ನು ಆಕರ ಹೇಳದೆ ಮರುಬಳಕೆ ಮಾಡುವುದೂ ತಪ್ಪು ಎಂದು ಯುಜಿಸಿ 2020ರಲ್ಲಿ ಪ್ರತ್ಯೇಕ ಸೂಚನೆಯನ್ನೇ ಹೊರಡಿಸಿದೆ.

ಕನ್ನಡದಲ್ಲಿ ಮಹಾಪ್ರಬಂಧ ಬರೆಯುವವರಿಗೆ ಇಲ್ಲೊಂದು ವಿಚಿತ್ರ ಸಮಸ್ಯೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಪರದೆಯ ಮೇಲೆ ಕನ್ನಡದಂತೆ ಕಂಡರೂ ಕಂಪ್ಯೂಟರಿನ ಒಳಗೆ ಅದು ಕನ್ನಡ ಅಲ್ಲ. ಅದನ್ನು ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ, ತಲೆಮೇಲೆ ಗೆರೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ತಂತ್ರಾಂಶ ಹೋಲಿಸುವುದು ಆ ಗೋಜಲನ್ನು. ಅಂತರ್ಜಾಲದಲ್ಲಿರುವ ಯೂನಿಕೋಡ್ ಕನ್ನಡಕ್ಕೂ ಅದಕ್ಕೂ ಒಂದಕ್ಷರವೂ ಹೊಂದುವುದಿಲ್ಲ. ಹಾಗಾಗಿ ಇಡೀ ಅಧ್ಯಾಯವನ್ನು ಎಲ್ಲಿಂದಲೋ ಎತ್ತಿದ್ದರೂ ವರದಿ ಶೂನ್ಯದ ಹತ್ತಿರ ಬರುತ್ತದೆ. ಅದನ್ನು ಪ್ರಾಮಾಣಿಕತೆಯ ಸರ್ಟಿಫಿಕೇಟ್ ಎಂದು ಅಂಟಿಸಿ ಕೊಡುವುದಕ್ಕೆ ಅರ್ಥವೇ ಇಲ್ಲ. ಯೂನಿಕೋಡಿಗೆ ಪರಿವರ್ತಿಸಿಯೇ ಪರೀಕ್ಷೆಗೆ ಕೊಡಬೇಕು. ಪರಿವರ್ತನೆ ಆದಮೇಲೆ ಮೂರು ಕಡೆ ಕಣ್ಣು ಹಾಯಿಸಿ: ಅರ್ಕಾವತ್ತು ಸರಿಯಾದ ಅಕ್ಷರದ ಮೇಲೆ ಕೂತಿದೆಯೇ, ಒತ್ತಕ್ಷರಗಳು ಒಡೆದಿವೆಯೇ, ನಡುವೆ ಇದ್ದ ಇಂಗ್ಲಿಷ್ ಹೆಸರುಗಳು ಅರ್ಥವಿಲ್ಲದ ಕನ್ನಡವಾಗಿ ಬದಲಾಗಿವೆಯೇ. ಪಿಡಿಎಫ್ ಬದಲು ವರ್ಡ್ ಕಡತ ಕೊಡುವುದು ಒಳ್ಳೆಯದು. ಪಿಡಿಎಫ್‌ನಿಂದ ಪಠ್ಯ ತೆಗೆಯುವಾಗ ಕನ್ನಡದ ಸ್ವರಚಿಹ್ನೆಗಳು ಹಿಂದುಮುಂದಾಗುವುದು ಸಾಮಾನ್ಯ.

ಇಷ್ಟೆಲ್ಲ ಮಾಡಿದ ಮೇಲೂ ಎರಡು ಬಗೆಯ ಕಳ್ಳತನ ತಂತ್ರಾಂಶದ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಡಿಜಿಟಲ್ ಆಗದ ಹಳೆಯ ಕನ್ನಡ ಪುಸ್ತಕದಿಂದ ಎತ್ತಿದ್ದು ಒಂದು. ಇಂಗ್ಲಿಷ್ ಲೇಖನವನ್ನು ಸದ್ದಿಲ್ಲದೆ ಕನ್ನಡಕ್ಕೆ ಅನುವಾದಿಸಿ ಸ್ವಂತದ್ದೆಂದು ಕೊಟ್ಟಿದ್ದು ಇನ್ನೊಂದು. ಇವನ್ನು ಹಿಡಿಯುವುದು ಆ ಕ್ಷೇತ್ರ ಓದಿಕೊಂಡ ಪರೀಕ್ಷಕರ ಕಣ್ಣು ಮಾತ್ರ.

ಪರ್ಸೆಂಟ್ ಇಳಿಸುವ ಹಟ ಯಾವ ಮಟ್ಟಕ್ಕೆ ಹೋಗುತ್ತದೆ ನೋಡಿ. ಕದ್ದ ಪಠ್ಯವನ್ನು ಪದ ಬದಲಿಸುವ ತಂತ್ರಾಂಶಕ್ಕೆ ಹಾಕಿ ತೆಗೆದರೆ ಹೋಲಿಕೆ ಇಳಿಯುತ್ತದೆ, ಜೊತೆಗೆ ಪಾರಿಭಾಷಿಕ ಪದಗಳೂ ಬೇರೇನೋ ಆಗಿಬಿಡುತ್ತವೆ. 2021ರಲ್ಲಿ ಗಿಯೋಮ್ ಕಬಾನಾಕ್, ಸಿರಿಲ್ ಲಬೆ, ಅಲೆಕ್ಸಾಂಡರ್ ಮಗಜಿನೊವ್ ಎಂಬ ಮೂವರು ಇಂಥ ತಿರುಚಿದ ನುಡಿಗಟ್ಟುಗಳನ್ನು ಹುಡುಕಿ ಪಟ್ಟಿ ಮಾಡಿದರು. ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಎಂದಿರಬೇಕಾದಲ್ಲಿ 'ಕೌಂಟರ್‌ಫೀಟ್ ಕಾನ್ಶಿಯಸ್‌ನೆಸ್', ಬ್ರೆಸ್ಟ್ ಕ್ಯಾನ್ಸರ್ ಇದ್ದಲ್ಲಿ 'ಬೂಝಮ್ ಪೆರಿಲ್', ಬಿಗ್ ಡೇಟಾ ಇದ್ದಲ್ಲಿ 'ಕೊಲಾಸಲ್ ಇನ್‌ಫರ್ಮೇಶನ್'. ಹೃದಯಾಘಾತವನ್ನು ಎದೆಪೆಟ್ಟು ಎಂದೂ ರಕ್ತದೊತ್ತಡವನ್ನು ನೆತ್ತರಿನ ತಳ್ಳಾಟ ಎಂದೂ ಬರೆದಂತೆ. ಇವು ಹೆಸರಾಂತ ಪ್ರಕಾಶಕರ ಜರ್ನಲ್‌ಗಳಲ್ಲೂ ಸಿಕ್ಕವು. ರಿವ್ಯೂ ಮಾಡಿದವರು ಪೇಪರನ್ನು ಓದಿಯೇ ಇರಲಿಲ್ಲ ಅನ್ನುವುದಕ್ಕೆ ಬೇರೆ ಪುರಾವೆ ಬೇಕೇ?

ಇನ್ನು ಲೇಖಕರ ಪಟ್ಟಿ. ನಮ್ಮ ಕಡೆ ಅತಿ ಹೆಚ್ಚು ತಪ್ಪು ನಡೆಯುವುದು, ಅತಿ ಕಡಿಮೆ ಮಾತಾಡುವುದು ಇದರ ಬಗ್ಗೆ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತು ಇಟ್ಟಿದೆ, ಬೇರೆ ಶಿಸ್ತುಗಳೂ ಹೆಚ್ಚುಕಡಿಮೆ ಇದನ್ನೇ ಅನುಸರಿಸುತ್ತವೆ. ಅಧ್ಯಯನದ ಕಲ್ಪನೆ, ವಿನ್ಯಾಸ, ದತ್ತಾಂಶ ಸಂಗ್ರಹ, ವಿಶ್ಲೇಷಣೆ ಇವುಗಳಲ್ಲಿ ಗಣನೀಯ ಪಾಲಿರಬೇಕು. ಬರೆದಿರಬೇಕು ಇಲ್ಲವೇ ವಿಮರ್ಶಾತ್ಮಕವಾಗಿ ತಿದ್ದಿರಬೇಕು. ಅಂತಿಮ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ನಾಳೆ ಪ್ರಶ್ನೆ ಎದ್ದರೆ ಉತ್ತರದಾಯಿ ಆಗಲು ಸಿದ್ಧವಿರಬೇಕು. ನಾಲ್ಕೂ ಬೇಕು, ನಾಲ್ಕರಲ್ಲಿ ಒಂದಲ್ಲ. ಹಣ ಒದಗಿಸಿದ್ದು, ಪ್ರಯೋಗಾಲಯದ ಮುಖ್ಯಸ್ಥರಾಗಿರುವುದು, ಬರೀ ಮೇಲುಸ್ತುವಾರಿ ಇವಕ್ಕೆ ಜಾಗ ಇರುವುದು ಕೃತಜ್ಞತೆಯ ಪ್ಯಾರಾದಲ್ಲಿ.

"ಸರ್ ಹೆಸರು ಹಾಕದಿದ್ದರೆ ಹೇಗೆ?" ಅನ್ನುವ ಪ್ರಶ್ನೆಗೆ ಇಲ್ಲಿ ನೇರ ಉತ್ತರವಿದೆ. ಗೈಡ್ ನಿಜಕ್ಕೂ ಪ್ರಶ್ನೆ ರೂಪಿಸಿ, ಕರಡು ತಿದ್ದಿ, ದತ್ತಾಂಶದ ಬಗ್ಗೆ ವಾದ ಮಾಡಿದ್ದರೆ ಅವರ ಹೆಸರು ಇರಲೇಬೇಕು, ಬಿಟ್ಟರೆ ಅದೇ ತಪ್ಪು. ಸಹಿಯಷ್ಟೇ ಹಾಕಿದ್ದರೆ ಇರಬಾರದು. ಕೆಲಸ ಮಾಡಿದ ಹಿಂದಿನ ಬ್ಯಾಚಿನ ವಿದ್ಯಾರ್ಥಿಯ ಹೆಸರನ್ನು ಕೈಬಿಡುವುದು ಇದರ ಮತ್ತೊಂದು ಮುಖ. ಜಗಳ ಏಳುವುದು ಪೇಪರ್ ಸ್ವೀಕೃತವಾದ ಮೇಲೆ. ಆದ್ದರಿಂದ ಕೆಲಸ ಶುರುವಾಗುವಾಗಲೇ ಒಂದು ಹಾಳೆಯಲ್ಲಿ ಯಾರು ಏನು ಮಾಡುತ್ತಾರೆ, ಹೆಸರುಗಳ ಅನುಕ್ರಮ ಏನು, ಜರ್ನಲಿನ ಜೊತೆ ಪತ್ರವ್ಯವಹಾರ ಯಾರದು ಎಂದು ಬರೆದು ಎಲ್ಲರಿಗೂ ಇಮೇಲ್ ಮಾಡಿಡಿ. ಕ್ರೆಡಿಟ್ ಎಂಬ ವರ್ಗೀಕರಣದಲ್ಲಿ 14 ಪಾತ್ರಗಳಿವೆ: ಪರಿಕಲ್ಪನೆ, ದತ್ತಾಂಶ ನಿರ್ವಹಣೆ, ತಂತ್ರಾಂಶ, ಮೊದಲ ಕರಡು, ಪರಿಷ್ಕರಣೆ ಹೀಗೆ. ಹಲವು ಜರ್ನಲ್‌ಗಳು ಕೊನೆಯಲ್ಲಿ ಅದನ್ನು ಕೇಳಿಯೇ ಕೇಳುತ್ತವೆ, ಮೊದಲೇ ತುಂಬಿಡುವುದು ಜಾಣತನ. ಯಾರ ಹೆಸರಿನ ಮುಂದೆ ಒಂದೂ ಪಾತ್ರ ಕೂರುವುದಿಲ್ಲವೋ ಅವರು ಲೇಖಕರಲ್ಲ. ಹಾಳೆಯೇ ಅದನ್ನು ಹೇಳುವುದರಿಂದ ಯಾರ ಮುಖ ನೋಡಿ ಯಾರೂ ಹೇಳಬೇಕಾಗುವುದಿಲ್ಲ.

ಸ್ವೀಕೃತವಾದ ಮೇಲೆ ಹೊಸ ಹೆಸರು ಸೇರಿಸಲು ಹೋದರೆ ಸಂಪಾದಕರ ಹುಬ್ಬು ಏರುತ್ತದೆ. ಕಾರಣವಿದೆ. ಪೇಪರ್ ಮಿಲ್ ಎಂದು ಕರೆಯುವ ಕಾರ್ಖಾನೆಗಳು ಪೇಪರ್ ತಯಾರಿಸಿ, ಒಂದನೇ ಹೆಸರಿಗಿಷ್ಟು ಮೂರನೇ ಹೆಸರಿಗಿಷ್ಟು ಎಂದು ಸೀಟು ಮಾರಿದಂತೆ ಲೇಖಕತ್ವ ಮಾರುತ್ತವೆ. ಕೊಂಡವರ ಹೆಸರು ಕೊನೆ ಗಳಿಗೆಯಲ್ಲಿ ಸೇರುತ್ತದೆ. ನಿಮ್ಮ ಕಾರಣ ನಿಜವಾದದ್ದೇ ಆಗಿದ್ದರೂ ಎಲ್ಲ ಲೇಖಕರ ಸಹಿ ಇರುವ ಬದಲಾವಣೆ ಪತ್ರ, ಸೇರಿಸುತ್ತಿರುವವರು ಮಾಡಿದ ಕೆಲಸದ ವಿವರ ಎರಡನ್ನೂ ಕೊಡಬೇಕಾಗುತ್ತದೆ.

ಜರ್ನಲ್ ಆಯ್ಕೆಯ ವಿಚಾರಕ್ಕೆ ಬಂದರೆ ಇಷ್ಟು ದಿನ ನಮ್ಮವರಿಗೆ ಒಂದು ಊರುಗೋಲಿತ್ತು, ಮಾನ್ಯ ಜರ್ನಲ್‌ಗಳ ಯುಜಿಸಿ ಪಟ್ಟಿ. ಅದು ಯಾವಾಗಲೂ ಗಟ್ಟಿ ಇತ್ತೆಂದಲ್ಲ. ಪುಣೆಯ ಸಂಶೋಧಕರು ಮುಂದಾಗಿ ನಡೆಸಿದ ಒಂದು ಪರಿಶೀಲನೆ 2018ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್'ನಲ್ಲಿ ಪ್ರಕಟವಾಯಿತು. ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಪಟ್ಟಿ ಸೇರಿದ, ಬೇರೆ ಸೂಚಿಗಳಲ್ಲಿಲ್ಲದ ಜರ್ನಲ್‌ಗಳಲ್ಲಿ ಶೇ 88ಕ್ಕೂ ಹೆಚ್ಚು ಕಳಪೆ ಇರಬಹುದು ಎಂದಿತು ಅದು. ಆ ಮೇ ತಿಂಗಳಲ್ಲಿ ಯುಜಿಸಿ 4,305 ಜರ್ನಲ್‌ಗಳನ್ನು ಕಿತ್ತುಹಾಕಿತು. 2019ರಲ್ಲಿ ಅದರ ಜಾಗಕ್ಕೆ ಕೇರ್ ಎಂಬ ಯುಜಿಸಿಯ ಹೊಸ ಪಟ್ಟಿ ಬಂತು. 2025ರ ಫೆಬ್ರುವರಿಯಲ್ಲಿ ಅದನ್ನೂ ನಿಲ್ಲಿಸಿ, ಗುಣಮಟ್ಟ ಅಳೆಯುವ ಹೊಣೆಯನ್ನು ಆಯಾ ಸಂಸ್ಥೆಗಳಿಗೇ ಬಿಟ್ಟರು. "ಕೇರ್ ಲಿಸ್ಟೆಡ್" ಎಂದು ಈಗಲೂ ಮುಖಪುಟದಲ್ಲಿ ಹಾಕಿಕೊಂಡು ಕರೆಯುವ ಜರ್ನಲ್ ಕಂಡರೆ ಅದೇ ಮೊದಲ ಎಚ್ಚರಿಕೆ.

ಮೋಸದ ಜರ್ನಲ್ ಗುರುತಿಸಲು ಮುಖಪುಟ ಸಾಲದು, ಅದನ್ನು ಚೆನ್ನಾಗಿಯೇ ಮಾಡಿರುತ್ತಾರೆ. ಐಎಸ್‌ಎಸ್‌ಎನ್ ಇದ್ದರೆ ಸಾಕು ಎಂಬ ನಂಬಿಕೆ ಬಿಡಿ. ಅದು ಬರೀ ಗುರುತಿನ ಸಂಖ್ಯೆ, ಬಸ್ಸಿಗೆ ನಂಬರ್ ಪ್ಲೇಟ್ ಇದ್ದಂತೆ, ಡ್ರೈವರ್ ಹೇಗೆ ಓಡಿಸುತ್ತಾನೆಂದು ಅದು ಹೇಳುವುದಿಲ್ಲ. ಒಂದೊಂದು ಲೇಖನಕ್ಕೆ ಕೊಡುವ ಗುರುತಿನ ಸಂಖ್ಯೆ ಡಿಒಐ ಕೂಡ ಹಾಗೆಯೇ, ಆದರೆ ಅದರಿಂದ ಒಂದು ಪರೀಕ್ಷೆ ಮಾಡಬಹುದು: ಹಳೆಯ ಸಂಚಿಕೆಯ ನಾಲ್ಕು ಲೇಖನಗಳ ಡಿಒಐ ಹಾಕಿ ನೋಡಿ, ಎಲ್ಲೂ ತೆರೆಯದಿದ್ದರೆ ಸುಳ್ಳು. ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲಿನ ಲೇಖನಗಳನ್ನು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆಂಬ ಅಂಕಿ) ಲೆಕ್ಕ ಹಾಕುವುದು ಕ್ಲಾರಿವೇಟ್ ಸಂಸ್ಥೆ ಮಾತ್ರ. ಗ್ಲೋಬಲ್, ಯೂನಿವರ್ಸಲ್, ಸೈಂಟಿಫಿಕ್ ಎಂಬ ವಿಶೇಷಣ ಹೊತ್ತ ಬೇರೆ ಫ್ಯಾಕ್ಟರುಗಳಿಗೆ ಹಣ ಕೊಟ್ಟರೆ ಅಂಕಿ ಸಿಗುತ್ತದೆ. ಸಂಪಾದಕ ಮಂಡಳಿಯ ಇಬ್ಬರು ಮೂವರನ್ನು ಆರಿಸಿ ಅವರ ಸಂಸ್ಥೆಯ ಪುಟಕ್ಕೆ ಹೋಗಿ, ಅಲ್ಲಿ ಅವರು ಈ ಜರ್ನಲಿನ ಹೆಸರು ಹೇಳಿಕೊಂಡಿದ್ದಾರೆಯೇ ನೋಡಿ. ಅವರ ಹೆಸರು ಅಲ್ಲಿದೆಯೆಂಬುದು ಅವರಿಗೇ ಗೊತ್ತಿಲ್ಲದ ಉದಾಹರಣೆಗಳು ಬೇಕಾದಷ್ಟಿವೆ. ಒಂದೇ ಸಂಚಿಕೆಯಲ್ಲಿ ಕಬ್ಬಿನ ರೋಗ, ಬ್ಯಾಂಕ್ ವಿಲೀನ, ವಚನ ಸಾಹಿತ್ಯ, ನ್ಯಾನೋ ಕಣ ಎಲ್ಲ ಇದ್ದು ರಿವ್ಯೂ ಮೂರು ದಿನದಲ್ಲಿ ಮುಗಿದರೆ ಓದಿದವರು ಯಾರು?

ಸ್ಕೋಪಸ್ ಎಂಬ ಅಂತರರಾಷ್ಟ್ರೀಯ ಜರ್ನಲ್ ಸೂಚಿಯಲ್ಲಿದೆ ಅನ್ನುವವರ ಮಾತನ್ನು ಸ್ಕೋಪಸ್‌ನ ಆಕರಪಟ್ಟಿಯಲ್ಲೇ ಪರೀಕ್ಷಿಸಬೇಕು. ಹೆಸರಿನಿಂದಲ್ಲ, ಐಎಸ್‌ಎಸ್‌ಎನ್‌ನಿಂದ ಹುಡುಕಿ. ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂಬ ಕಾಲಂ ನೋಡಿ, ಕೈಬಿಟ್ಟ ಜರ್ನಲ್‌ಗಳೂ ಹಳೆಯ ಹೆಮ್ಮೆ ಹೇಳಿಕೊಳ್ಳುತ್ತವೆ. ಇನ್ನೂ ನಾಜೂಕಾದ ಮೋಸ ಅಂದರೆ ಅಪಹೃತ ಜರ್ನಲ್. ನಿಜವಾದ ಜರ್ನಲಿನ ಹೆಸರು, ಐಎಸ್‌ಎಸ್‌ಎನ್ ಎರಡನ್ನೂ ಕದ್ದು ಬೇರೆ ವಿಳಾಸದಲ್ಲಿ ನಕಲಿ ತಾಣ ಕಟ್ಟಿ ಹಣ ವಸೂಲಿ ಮಾಡುತ್ತಾರೆ. ಸ್ಕೋಪಸ್ ಪುಟದಲ್ಲಿದ್ದ ಕೊಂಡಿಗಳೇ ಕೆಲವು ಸಲ ನಕಲಿ ತಾಣಕ್ಕೆ ಹೋಗುತ್ತಿದ್ದವು. ಹಾಗಾಗಿ ತಾಣದ ವಿಳಾಸವನ್ನು ಪ್ರಕಾಶಕರ ಅಥವಾ ಹೊರಡಿಸುವ ಸಂಘದ ಮುಖ್ಯ ತಾಣದ ಮೂಲಕವೇ ತಲುಪಿ. ಹಿಂತೆಗೆದ ಪೇಪರುಗಳ ಜಾಡು ಹಿಡಿಯುವ ರಿಟ್ರಾಕ್ಷನ್ ವಾಚ್ ತಾಣ ನಡೆಸುವ ಅಪಹೃತ ಜರ್ನಲ್‌ಗಳ ಪಟ್ಟಿಯೂ ಇದೆ, ಒಮ್ಮೆ ತಿರುವಿ.

ಹಣ ಕೇಳುವುದೇ ಮೋಸದ ಲಕ್ಷಣ ಅಂದುಕೊಳ್ಳಬೇಡಿ. ಓದುಗರಿಗೆ ಉಚಿತವಾಗಿ ಸಿಗುವ, ಅಂದರೆ ಮುಕ್ತ ಪ್ರವೇಶದ ಒಳ್ಳೆಯ ಜರ್ನಲ್‌ಗಳೂ ಶುಲ್ಕ ಪಡೆಯುತ್ತವೆ. ವ್ಯತ್ಯಾಸ ಇರುವುದು ಶುಲ್ಕ ಎಷ್ಟೆಂದು ಮೊದಲೇ ಬರೆದಿದೆಯೇ, ಅದನ್ನು ಯಾವಾಗ ಕೇಳುತ್ತಾರೆ ಅನ್ನುವುದರಲ್ಲಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೈದರಾಬಾದ್ ಮೂಲದ ಓಮಿಕ್ಸ್ ಪ್ರಕಾಶನ ಸಮೂಹದ ಮೇಲೆ 2016ರಲ್ಲಿ ಹೂಡಿದ ದಾವೆಯ ತಿರುಳೇ ಇದು: ಶುಲ್ಕ ಮುಚ್ಚಿಟ್ಟದ್ದು, ನಡೆಯದ ರಿವ್ಯೂವನ್ನು ನಡೆದಿದೆ ಅಂದದ್ದು. 2019ರಲ್ಲಿ ನ್ಯಾಯಾಲಯ 5 ಕೋಟಿ ಡಾಲರಿಗೂ ಮೀರಿದ ಮೊತ್ತ ಕಟ್ಟಬೇಕೆಂದು ತೀರ್ಪು ಕೊಟ್ಟಿತು. ಅದಕ್ಕೂ ಮೊದಲು, 2013ರಲ್ಲಿ, ಜಾನ್ ಬೊಹಾನನ್ ಎಂಬ ಪತ್ರಕರ್ತ 'ಸೈನ್ಸ್' ಪತ್ರಿಕೆಗಾಗಿ ಒಂದು ಪರೀಕ್ಷೆ ಮಾಡಿದ್ದ. ಕಲ್ಲುಹೂವಿನಿಂದ ತೆಗೆದ ಕ್ಯಾನ್ಸರ್ ಮದ್ದು ಎಂದು, ಯಾರಿಗೂ ಕಾಣುವಂಥ ದೋಷಗಳಿದ್ದ ಸುಳ್ಳು ಪೇಪರನ್ನು 304 ಮುಕ್ತ ಪ್ರವೇಶ ಜರ್ನಲ್‌ಗಳಿಗೆ ಕಳಿಸಿದ. 157 ಒಪ್ಪಿಕೊಂಡವು, 98 ತಿರಸ್ಕರಿಸಿದವು. ಒಪ್ಪಿಕೊಂಡವುಗಳಲ್ಲಿ ದೊಡ್ಡ ಹೆಸರುಗಳ ಒಡೆತನದವೂ ಇದ್ದವು.

ಒಂದೇ ಪೇಪರನ್ನು ಎರಡು ಕಡೆ ಏಕಕಾಲಕ್ಕೆ ಕಳಿಸಬಾರದು ಎಂಬುದು ಎಲ್ಲರಿಗೂ ಗೊತ್ತು. ಎಡವುವುದು ಹಿಂಪಡೆಯುವಾಗ. "ವಾಪಸ್ ತೆಗೆದುಕೊಳ್ಳುತ್ತಿದ್ದೇನೆ" ಎಂದು ಇಮೇಲ್ ಹಾಕಿ ಮಾರನೇ ದಿನ ಬೇರೆ ಕಡೆ ಕಳಿಸಿದರೆ ಆಗದು. ಸಂಪಾದಕರಿಂದ ಲಿಖಿತ ಉತ್ತರ ಬರುವವರೆಗೆ ಅದು ಅಲ್ಲೇ ಇದೆ ಎಂದೇ ಅರ್ಥ. ಮೋಸದ ಜರ್ನಲ್‌ಗಳು ಇದನ್ನೇ ಕುಣಿಕೆ ಮಾಡಿಕೊಂಡು ಹಿಂಪಡೆಯಲು ಶುಲ್ಕ ಕೇಳುತ್ತವೆ. ಕೊಡಬೇಡಿ. ನೀವು ಬರೆದ ಪತ್ರಗಳನ್ನು ದಿನಾಂಕ ಸಮೇತ ಉಳಿಸಿಕೊಳ್ಳಿ, ಹೊಸ ಜರ್ನಲಿನ ಸಂಪಾದಕರಿಗೆ ಕವರ್ ಲೆಟರಿನಲ್ಲಿ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ. ವಿಚಾರ ಸಂಕಿರಣದ ನಡಾವಳಿಯಲ್ಲಿ ಬಂದದ್ದನ್ನು ಹಿಗ್ಗಿಸಿ ಜರ್ನಲಿಗೆ ಕೊಡುವಾಗಲೂ ಅಷ್ಟೆ. ಎಷ್ಟು ಹೊಸದಿರಬೇಕೆಂಬುದು ಜರ್ನಲಿನಿಂದ ಜರ್ನಲಿಗೆ ಬೇರೆ. ಹಳೆಯದರ ಉಲ್ಲೇಖ ಕೊಟ್ಟು, ಏನು ಹೊಸದು ಎಂದು ಬರೆಯುವುದು ಮಾತ್ರ ಎಲ್ಲೆಡೆ ಕಡ್ಡಾಯ. ಒಂದೇ ಸಮೀಕ್ಷೆಯನ್ನು ಐದು ತುಂಡು ಮಾಡಿ ಐದು ಪೇಪರ್ ಮಾಡುವವರಿದ್ದಾರೆ. ಹೋಳಿಗೆ ಒಂದೇ, ತಟ್ಟೆ ಐದು. ತುಂಡುಗಳು ಒಂದನ್ನೊಂದು ಉಲ್ಲೇಖಿಸದಿದ್ದರೆ ಮುಂದೆ ಯಾರೋ ಎಲ್ಲ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕುವಾಗ ಅದೇ ಜನರನ್ನು ಐದು ಸಲ ಎಣಿಸಿದಂತಾಗುತ್ತದೆ. ಹಾನಿ ಇರುವುದು ಅಲ್ಲಿ.

ಕಳಿಸುವಾಗ ರಿವ್ಯೂ ಮಾಡಬಲ್ಲವರ ಹೆಸರು ಸೂಚಿಸಿ ಎಂದು ಹಲವು ಜರ್ನಲ್‌ಗಳು ಕೇಳುತ್ತವೆ. ಇಲ್ಲಿ ನಡೆದ ಹಗರಣಗಳೇ ಒಂದು ಅಧ್ಯಾಯ. 2012ರಲ್ಲಿ ದಕ್ಷಿಣ ಕೊರಿಯಾದ ಒಬ್ಬ ಸಂಶೋಧಕ ಸೂಚಿಸಿದ ಹೆಸರುಗಳ ಇಮೇಲ್ ವಿಳಾಸಗಳು ಅವನವೇ ಆಗಿದ್ದವು, ತನ್ನ ಪೇಪರಿಗೆ ತಾನೇ ರಿವ್ಯೂ ಬರೆದುಕೊಳ್ಳುತ್ತಿದ್ದ. ಅವನು ಸಿಕ್ಕಿಬಿದ್ದದ್ದು ಅತಿ ಚುರುಕಿನಿಂದ: ರಿವ್ಯೂಗಳು 24 ಗಂಟೆಯೊಳಗೆ ಬಂದಾಗ ಸಂಪಾದಕರಿಗೆ ಸಂಶಯ ಬಂತು. ನಿಜವಾದ ವಿದ್ವಾಂಸರು ಅಷ್ಟು ಬೇಗ ಉತ್ತರಿಸುವುದುಂಟೇ! 2014ರಲ್ಲಿ ಸೇಜ್ ಪ್ರಕಾಶನ ಕಂಪನದ ವಿಷಯದ ಒಂದೇ ಜರ್ನಲಿನಿಂದ 60 ಪೇಪರ್ ಹಿಂತೆಗೆಯಿತು. ಅಲ್ಲಿ ಕೆಲಸ ಮಾಡಿದ್ದು 130ರಷ್ಟು ನಕಲಿ ಅಥವಾ ಎರವಲು ಹೆಸರಿನ ಇಮೇಲ್‌ಗಳ ಜಾಲ. ಆ ಪೇಪರುಗಳಲ್ಲಿ ಕೆಲವಕ್ಕೆ ಸಹಲೇಖಕರೆಂದು ಹೆಸರಿದ್ದ ತೈವಾನಿನ ಶಿಕ್ಷಣ ಸಚಿವರು ರಾಜೀನಾಮೆ ಕೊಡಬೇಕಾಯಿತು. ಹೆಸರು ಸುಮ್ಮನೆ ಸೇರಿಸಿಕೊಳ್ಳುವುದರ ಬೆಲೆ ಅದು.

ಎಲ್ಲಕ್ಕಿಂತ ದೊಡ್ಡ ಹಗರಣ ಹಿಂದಾವಿ ಎಂಬ ಪ್ರಕಾಶನದ್ದು. ವೈಲಿ ಪ್ರಕಾಶನ 2021ರಲ್ಲಿ 29.8 ಕೋಟಿ ಡಾಲರ್ ಕೊಟ್ಟು ಹಿಂದಾವಿಯನ್ನು ಕೊಂಡಿತು. ಅದರ ಜರ್ನಲ್‌ಗಳು ವಿಶೇಷ ಸಂಚಿಕೆಗಳನ್ನು ಧಾರಾಳವಾಗಿ ತರುತ್ತಿದ್ದವು. ಅತಿಥಿ ಸಂಪಾದಕರ ಮೇಲೆ ಹಿಡಿತ ಕಡಿಮೆ, ಆ ಬಾಗಿಲಿನಿಂದ ಪೇಪರ್ ಮಿಲ್‌ಗಳು ಒಳಹೊಕ್ಕವು. 2023ರ ಒಂದೇ ವರ್ಷ ಹಿಂದಾವಿ ಹಿಂತೆಗೆದ ಪೇಪರುಗಳು 8,000ಕ್ಕೂ ಹೆಚ್ಚು. ಜಗತ್ತಿನ ಒಟ್ಟು ಲೆಕ್ಕ ಆ ವರ್ಷ ಮೊದಲ ಬಾರಿಗೆ 10,000 ದಾಟಿತು. ಹಿಂದಾವಿ ಎಂಬ ಹೆಸರನ್ನೇ ಕೈಬಿಡುವುದಾಗಿ ವೈಲಿ ಘೋಷಿಸಿತು. ಅದೇ ಸಂಚಿಕೆಗಳಲ್ಲಿ ಪ್ರಾಮಾಣಿಕವಾಗಿ ಬರೆದವರ ಪೇಪರುಗಳೂ ಇದ್ದವು, ಅವರ ಬಯೋಡೇಟಾದಲ್ಲೂ ಈಗ ಆ ಜರ್ನಲಿನ ಹೆಸರಿದೆ. ವಿಶೇಷ ಸಂಚಿಕೆಗೆ ಆಹ್ವಾನ ಬಂದರೆ ಅತಿಥಿ ಸಂಪಾದಕರ ಕ್ಷೇತ್ರಕ್ಕೂ ಸಂಚಿಕೆಯ ವಿಷಯಕ್ಕೂ ಸಂಬಂಧ ಇದೆಯೇ ಎಂದು ನೋಡಿಯೇ ಒಪ್ಪಿಕೊಳ್ಳಿ.

ರಿವ್ಯೂಗೆ ಹೆಸರು ಸೂಚಿಸುವಾಗ ಸಂಸ್ಥೆಯ ಇಮೇಲ್ ಕೊಡಿ, ಜಿಮೇಲ್ ಅಲ್ಲ. ಕಳೆದ ಕೆಲವು ವರ್ಷಗಳಲ್ಲಿ ಜೊತೆಗೆ ಬರೆದವರು, ಒಂದೇ ವಿಭಾಗದವರು, ಹಳೆಯ ಗೈಡ್ ಬೇಡ. ರಿವ್ಯೂನಲ್ಲಿ "ಈ ಆರು ಪೇಪರುಗಳನ್ನೂ ಉಲ್ಲೇಖಿಸಿ" ಎಂದು ಬಂದು ಆರೂ ಒಬ್ಬರದ್ದೇ ಆಗಿದ್ದರೆ, ಸಂಬಂಧಪಟ್ಟದ್ದನ್ನು ಸೇರಿಸಿ, ಉಳಿದವು ಏಕೆ ಬೇಡವೆಂದು ಸಂಪಾದಕರಿಗೆ ಎರಡು ಸಾಲು ಬರೆಯಿರಿ. ಇದರಿಂದ ಪೇಪರ್ ತಿರಸ್ಕೃತವಾಗುತ್ತದೆ ಎಂಬ ಭಯ ಹೆಚ್ಚಿನ ಸಲ ಸುಳ್ಳು.

ಜೀವವಿಜ್ಞಾನದವರಿಗೆ ಚಿತ್ರಗಳದೇ ದೊಡ್ಡ ತಲೆನೋವು. ಎಲಿಜಬೆತ್ ಬಿಕ್ ಮತ್ತು ಜೊತೆಗಾರರು 20,621 ಪೇಪರುಗಳ ಚಿತ್ರಗಳನ್ನು ಬರಿಗಣ್ಣಿನಲ್ಲಿ ನೋಡಿ 2016ರಲ್ಲಿ ಫಲಿತಾಂಶ ಕೊಟ್ಟರು: ಶೇ 3.8ರಲ್ಲಿ ತೊಂದರೆಯ ಚಿತ್ರಗಳು. ಅವುಗಳಲ್ಲಿ ಕನಿಷ್ಠ ಅರ್ಧದಷ್ಟು ಬೇಕೆಂದೇ ಮಾಡಿದಂತೆ ಕಾಣುತ್ತಿದ್ದವು. ಉಳಿದವು ಅವಸರದ, ಅಶಿಸ್ತಿನ ಫಲ ಇರಬಹುದು, 'ಫೈನಲ್ 2' ಹೆಸರಿನ ಫೋಲ್ಡರಿನಿಂದ ತಪ್ಪು ಚಿತ್ರ ಎತ್ತಿದ ಹಾಗೆ. ನಿಯಮ ಸರಳ. ಬೆಳಕು, ಕಾಂಟ್ರಾಸ್ಟ್ ಬದಲಿಸುವುದಿದ್ದರೆ ಇಡೀ ಚಿತ್ರಕ್ಕೆ ಸಮನಾಗಿ ಮಾಡಿ, ಒಂದು ಮೂಲೆಗಲ್ಲ. ಬೇರೆ ಬೇರೆ ಜೆಲ್‌ಗಳಲ್ಲಿ (ಪ್ರೋಟೀನ್, ಡಿಎನ್‌ಎ ಬೇರ್ಪಡಿಸುವ ಪ್ರಯೋಗದಲ್ಲಿ) ಮೂಡಿದ ಪಟ್ಟೆಗಳನ್ನು ಪಕ್ಕಪಕ್ಕ ಇಟ್ಟರೆ ನಡುವೆ ಗೆರೆ ಎಳೆದು ವಿವರಣೆಯಲ್ಲಿ ಹೇಳಿ. ಹಿನ್ನೆಲೆಯ ಕಲೆ ಅಳಿಸಬೇಡಿ. ಉಪಕರಣದಿಂದ ಬಂದ ಮೂಲ ಕಡತವನ್ನು ದಿನಾಂಕ, ಪ್ರಯೋಗದ ಸಂಖ್ಯೆ ಸಹಿತ ತೆಗೆದಿಡಿ, ಚಿತ್ರ ಮಾಡಲು ಅದರ ಪ್ರತಿ ಬಳಸಿ. ಐದು ವರ್ಷದ ನಂತರ ಸಂಪಾದಕರು ಮೂಲ ಕೇಳಿದಾಗ "ಲ್ಯಾಪ್‌ಟಾಪ್ ಕೆಟ್ಟಿತು" ಎಂಬ ಉತ್ತರ ಉಳಿಸುವುದಿಲ್ಲ. ವಿದ್ಯಾರ್ಥಿ ಪದವಿ ಮುಗಿಸಿ ಹೋಗುವ ದಿನ ಪ್ರಯೋಗ ಪುಸ್ತಕ, ಹಾರ್ಡ್ ಡಿಸ್ಕ್ ಎರಡೂ ಪ್ರಯೋಗಾಲಯದಲ್ಲಿ ಉಳಿಯಬೇಕು.

ಮನುಷ್ಯರ ಮೇಲೆ ಅಧ್ಯಯನ ಮಾಡಿದ್ದರೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಸಂಖ್ಯೆ, ದಿನಾಂಕ ಪೇಪರಿನಲ್ಲಿ ಬರಬೇಕು. ದತ್ತಾಂಶ ಸಂಗ್ರಹ ಶುರುವಾದ ದಿನಕ್ಕಿಂತ ಆ ದಿನಾಂಕ ಹಿಂದಿನದಾಗಿರಬೇಕು. ಕೆಲಸ ಮುಗಿದ ಮೇಲೆ ಅನುಮತಿ ತರುವ ದಾರಿ ಇಲ್ಲ. ಔಷಧ ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ದಾಖಲಾಗಿರಬೇಕು. 2018ರ ಏಪ್ರಿಲ್‌ನಿಂದ ತಡವಾದ ನೋಂದಣಿ ಅಲ್ಲಿ ಸ್ವೀಕಾರವಿಲ್ಲ. ಸಮಾಜವಿಜ್ಞಾನದವರು ಇದು ಡಾಕ್ಟರುಗಳ ವಿಷಯ ಎಂದುಕೊಳ್ಳುತ್ತಾರೆ. ದೇವದಾಸಿ ಮಹಿಳೆಯರ ಸಂದರ್ಶನ, ಶಾಲಾ ಮಕ್ಕಳ ಪ್ರಶ್ನಾವಳಿ ಇವಕ್ಕೂ ಜರ್ನಲ್‌ಗಳು ಅನುಮತಿ ಪತ್ರ ಕೇಳುತ್ತವೆ. ಒಪ್ಪಿಗೆ ಪತ್ರ ಅವರಿಗೆ ಓದಲು ಬರುವ ಕನ್ನಡದಲ್ಲಿರಬೇಕು, ಓದು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಬೇಕು.

ಚಾಟ್‌ಜಿಪಿಟಿ ಬಂದ ಹೊಸದರಲ್ಲಿ ಕೆಲವರು ಅದನ್ನೇ ಸಹಲೇಖಕ ಮಾಡಿದರು. 2023ರಲ್ಲೇ ಪ್ರಕಟಣೆ ನೀತಿಯ ಸಮಿತಿ ಕೋಪ್ ಮತ್ತು ವೈದ್ಯಕೀಯ ಸಂಪಾದಕರ ಸಮಿತಿ ಎರಡೂ ಅದು ಲೇಖಕ ಆಗಲಾರದು ಎಂದವು. ನಾಲ್ಕನೇ ಷರತ್ತು ನೆನಪಿಸಿಕೊಳ್ಳಿ, ಪ್ರಶ್ನೆ ಎದ್ದರೆ ಯಂತ್ರ ಉತ್ತರ ಹೇಳುವುದಿಲ್ಲ. ಬಳಸಿದ್ದರೆ ಯಾವುದನ್ನು, ಯಾವ ಕೆಲಸಕ್ಕೆ ಎಂದು ಬರೆಯಿರಿ. ಅದು ಕೊಟ್ಟ ಒಂದೊಂದು ಆಕರವನ್ನೂ ತೆರೆದು ನೋಡಿ, ಇಲ್ಲದ ಪೇಪರಿಗೆ ಇರುವ ಲೇಖಕರ ಹೆಸರು ಅಂಟಿಸುವುದರಲ್ಲಿ ಅದು ನಿಪುಣ. ಬೇರೆಯವರ ಪೇಪರ್ ರಿವ್ಯೂಗೆ ಬಂದಾಗ ಅದನ್ನು ಇಂಥ ಸೇವೆಗೆ ಹಾಕಬೇಡಿ, ಗೋಪ್ಯವಾಗಿ ಕೊಟ್ಟದ್ದನ್ನು ಹೊರಗೆ ಕೊಟ್ಟಂತೆ ಅದು.

ಪ್ರಕಟವಾದ ಮೇಲೆ ತಪ್ಪು ಕಂಡರೆ? ಕೋಷ್ಟಕದ ಅಂಕಿ, ಸಹಲೇಖಕರ ವಿಳಾಸ ಇಂಥದ್ದಕ್ಕೆ ತಿದ್ದುಪಡಿ ಸಾಕು. ತನಿಖೆ ನಡೆಯುತ್ತಿದ್ದರೆ ಸಂಪಾದಕರು ಕಳವಳ ಸೂಚಿಸುವ ಟಿಪ್ಪಣಿ ಹಾಕುತ್ತಾರೆ. ತೀರ್ಮಾನವನ್ನೇ ನಂಬುವಂತಿಲ್ಲ ಅಂದಾಗ ಹಿಂತೆಗೆತ. ಹಿಂತೆಗೆದ ಪೇಪರ್ ಸಾಮಾನ್ಯವಾಗಿ ಮಾಯವಾಗುವುದಿಲ್ಲ, ಮೇಲೆ ಮುದ್ರೆ ಹೊತ್ತು ಅಲ್ಲೇ ಇರುತ್ತದೆ, ಕಾರಣ ಹೇಳುವ ಪ್ರತ್ಯೇಕ ಸೂಚನೆ ಜೊತೆಗಿರುತ್ತದೆ. ಪ್ರಾಮಾಣಿಕ ತಪ್ಪನ್ನು ತಾನೇ ಕಂಡು ತಾನೇ ಸಂಪಾದಕರಿಗೆ ಬರೆದವರ ಮರ್ಯಾದೆ ಹೋಗುವುದಿಲ್ಲ. ಕಾಯ್ದಷ್ಟೂ ಹಾನಿ ಹೆಚ್ಚು. ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ 1998ರ ಪೇಪರನ್ನು 'ಲ್ಯಾನ್ಸೆಟ್' ಹಿಂತೆಗೆದದ್ದು 2010ರಲ್ಲಿ, 12 ವರ್ಷ ಬೇಕಾಯಿತು. ಅದೇ 'ಲ್ಯಾನ್ಸೆಟ್' ಕೋವಿಡ್ ಕಾಲದಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ ಬಗ್ಗೆ 2020ರ ಮೇ 22ರಂದು ಪ್ರಕಟಿಸಿದ್ದನ್ನು ಜೂನ್ 4ಕ್ಕೆ ಹಿಂತೆಗೆಯಿತು, 13 ದಿನ. ದತ್ತಾಂಶ ಕೊಟ್ಟ ಸರ್ಜಿಸ್ಫಿಯರ್ ಕಂಪನಿ ಮೂಲವನ್ನು ಪರಿಶೀಲನೆಗೆ ತೋರಿಸದೇ ಹೋದಾಗ ಸಹಲೇಖಕರೇ ಹಿಂತೆಗೆಯಲು ಕೇಳಿಕೊಂಡರು. ಸಹಿ ಹಾಕುವ ಮುನ್ನವೇ ಮೂಲ ದತ್ತಾಂಶ ನೋಡಿದ್ದರೆ ಆ 13 ದಿನವೂ ಬೇಕಿರಲಿಲ್ಲ.

ನಿಮ್ಮದು ಹಿಂತೆಗೆದ ಪೇಪರ್ ಅಲ್ಲದಿರಬಹುದು, ನಿಮ್ಮ ಗ್ರಂಥಋಣದಲ್ಲಿ ಅಂಥದ್ದು ಕೂತಿರಬಹುದು. ಪಿಎಚ್‌ಡಿಗೆ ನಾಲ್ಕೈದು ವರ್ಷ ಹಿಡಿಯುತ್ತದೆ, ಮೊದಲ ವರ್ಷ ಓದಿ ಉಳಿಸಿಕೊಂಡ ಪಿಡಿಎಫ್‌ಗೆ ಮುದ್ರೆ ಬಿದ್ದಿರುವುದಿಲ್ಲ. ರಿಟ್ರಾಕ್ಷನ್ ವಾಚ್‌ನ ದತ್ತಸಂಚಯವನ್ನು ಡಿಒಐ ನೀಡುವ ಕ್ರಾಸ್‌ರೆಫ್ ಸಂಸ್ಥೆ 2023ರಲ್ಲಿ ಕೊಂಡು ಎಲ್ಲರಿಗೂ ಉಚಿತ ಮಾಡಿದೆ. ಝೊಟೆರೊ ಎಂಬ ಆಕರ ನಿರ್ವಹಣೆಯ ತಂತ್ರಾಂಶದಲ್ಲಿ ಆಕರಗಳನ್ನು ಡಿಒಐ ಸಮೇತ ಇಟ್ಟುಕೊಂಡಿದ್ದರೆ ಹಿಂತೆಗೆದದ್ದರ ಮುಂದೆ ಅದೇ ಕೆಂಪು ಗುರುತು ತೋರಿಸುತ್ತದೆ. ಡಿಒಐ ಇಲ್ಲದ ಆಕರಗಳನ್ನು ಒಂದೊಂದಾಗಿ ಜರ್ನಲಿನ ತಾಣದಲ್ಲೇ ತೆರೆಯಬೇಕು. ನೂರೈವತ್ತು ಆಕರಗಳಿದ್ದರೆ ಒಂದು ಮಧ್ಯಾಹ್ನದ ಕೆಲಸ. ಮಹಾಪ್ರಬಂಧ ಮುದ್ರಣಕ್ಕೆ ಹೋಗುವ ಹಿಂದಿನ ವಾರ ಒಮ್ಮೆ, ಪೇಪರಿನ ಅಂತಿಮ ಪ್ರೂಫ್ ಬಂದಾಗ ಇನ್ನೊಮ್ಮೆ.